ಡಾಕ್ಟರ್ ಬಾಯಾರ ಕರಿ ಕಾರು

ಕರಿ ಕಾರು ಇಟ್ಟವರ ಮನೆಯಲ್ಲಿ ಡ್ರೈವರ್ ಕೆಲಸಕ್ಕೆ ಸೇರುವ ಮುಂಚೆ ಸ್ವಲ್ಪ ಯೋಚನೆ ಮಾಡಿ. ಬಿಳಿ ಕಾರಿನವರ ಮನೆಯಲ್ಲಿ ನೀವು ಡ್ರೈವರ್ ಆಗಿಯೇ ಇರುತ್ತೀರಿ. ಕರಿ ಕಾರಿನವರ ಮನೆಯಲ್ಲಿ ನಿಮ್ಮ ಮುಖ್ಯ ಕೆಲಸ ತಿಕ್ಕುವುದು. ಬಿಡುವಾದಾಗ ಅಷ್ಟಿಷ್ಟು ಓಡಿಸುವುದೂ ಇರುತ್ತದೆ.

ನನ್ನ ತಂಗಿಯ ಅಳಿಯ ಮುಧೋಳದಲ್ಲಿ ಕಾರು ತೊಳೆದು ಪಾಲಿಶ್ ಮಾಡುವ ಅಂಗಡಿ ಹಾಕಿದ್ದಾನೆ. ಅಲ್ಲಿ ಒಂದು ಮಶೀನು ಇದೆ, ಬುಸ್ಸೆಂದು ನೊರೆ ಉಗುಳುತ್ತದೆ. ಕೆಲಸದವರು ಮೊಬೈಲಿನಲ್ಲಿ ಹಾಡು ಕೇಳುತ್ತ ಒಂದು ಕಾರನ್ನು ಮುಗಿಸಿ ಇನ್ನೊಂದನ್ನು ಕರೆಯುತ್ತಾರೆ. ಒಮ್ಮೆ ಅಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಒಬ್ಬ ಕೇಳಿದ: "ಕಾಕಾ, ಜೀವನಪೂರ್ತಿ ಒಂದ ಕಾರ್ ತಿಕ್ಕೀರಂತ? ಅದರಾಗ ಅಂಥಾದ್ದೇನೈತ್ರಿ?" ಅವನಿಗೆ ಉತ್ತರ ಕೊಡಲೆಂದೇ ಮನೆಗೆ ಬಂದು ಇದನ್ನು ಬರೆಯಲು ಕೂತೆ.

ನಮ್ಮದು ಸಾವಳಗಿಯ ಕುರಿ ಸಾಕುವ ಮನೆತನ, ಬೀರೇಶ್ವರನ ಒಕ್ಕಲು. ಅದಕ್ಕೇ ನನ್ನ ಹೆಸರು ಬೀರಪ್ಪ. ಏಳನೆಯ ಇಯತ್ತೆಯವರೆಗೆ ಓದಿ, ಬನಹಟ್ಟಿಯಲ್ಲಿ ನೂಲಿನ ಲಾರಿಯ ಮೇಲೆ ಡ್ರೈವಿಂಗ್ ಕಲಿತೆ. ಆಮೇಲೆ ಜಮಖಂಡಿಯಲ್ಲಿ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರ್ ಯಮುನಾಬಾಯಿಯವರ ಕಾರಿಗೆ ಡ್ರೈವರ್ ಆಗಿ ಸೇರಿದೆ. ಡ್ರೈವರ್ ಆಗಿ ಸೇರಿದವನು ಡ್ರೈವರ್ ಆಗಿಯೇ ನಿವೃತ್ತನಾದೆ, ಆದ್ದರಿಂದ ಬಡ್ತಿಯ ವಿಷಯ ಬರೆಯುವ ತೊಂದರೆ ನನಗಿಲ್ಲ. ಆದರೆ ಡ್ರೈವರನ ಬದುಕಿನಲ್ಲಿ ಕಾಯುವ ಹೊತ್ತು ಬಹಳ. ಹೆರಿಗೆ ಡಾಕ್ಟರರ ಡ್ರೈವರನಂತೂ ಕೂಸು ಮನಸ್ಸು ಮಾಡುವವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ಕೈಗೆ ಸಿಕ್ಕ ವಾರಪತ್ರಿಕೆ, ಮಾಸಪತ್ರಿಕೆ, ಪೊಟ್ಟಣ ಕಟ್ಟಿ ಬಂದ ಹಳೆಯ ಪೇಪರು ಎಲ್ಲವನ್ನೂ ಓದಿದೆ. ಹೀಗೆ ನಾಲ್ಕು ಸಾಲು ಬರೆಯುವ ಧೈರ್ಯ ಅಲ್ಲಿಂದ ಬಂದದ್ದು.

ಊರೆಲ್ಲ ಯಮುನಾಬಾಯಿಯವರನ್ನು 'ಬಾಯಾರು' ಎನ್ನುತ್ತಿತ್ತು. ಮದುವೆಯಾಗಿರಲಿಲ್ಲ. ಗಿಡ್ಡ ಮೈ, ಬಿಳಿ ಸೀರೆ, ಗಂಡಸರೂ ಎದ್ದು ನಿಲ್ಲುವಂಥ ದನಿ. ಕಾರು ಅವರ ಅಪ್ಪ ಕೊಂಡದ್ದು, ಕಡುಗಪ್ಪು ಅಂಬಾಸಿಡರ್. ಅಪ್ಪ ತೀರಿಕೊಂಡ ಮೇಲೆ ಬಾಯಾರು ಅಪ್ಪನ ಕೋಟು, ಕೋಲು, ಪುಸ್ತಕ ಎಲ್ಲವನ್ನೂ ಹಂಚಿಬಿಟ್ಟರಂತೆ. ಕಾರನ್ನು ಮಾತ್ರ ಇಟ್ಟುಕೊಂಡರು.

ನಾನು ಕೆಲಸ ಕೇಳಲು ಹೋದ ದಿನ ಅವರು ಲೈಸೆನ್ಸ್ ನೋಡಲಿಲ್ಲ. "ಕೈ ತೋರಸು" ಎಂದರು. ತೋರಿಸಿದೆ.

"ಉಂಗುರ ತಗಿ."

ಬೀರೇಶ್ವರನ ಬೆಳ್ಳಿ ಉಂಗುರ ಅದು. ತೆಗೆದು ಕಿಸೆಯಲ್ಲಿಟ್ಟೆ.

"ಕಿಸೆದಾಗ ಬ್ಯಾಡ, ಮನ್ಯಾಗ ಇಡು. ವಾಚ್ ತಗಿ. ನಡದ ಬೆಲ್ಟ್ ತಗಿ."

"ಬೆಲ್ಟ್ ಯಾಕ್ರೀ?"

"ನೀ ಬಾನೆಟ್ ಮ್ಯಾಲೆ ಬಗ್ಗಿ ತಿಕ್ಕಬೇಕಾದ್ರ ಬಕಲ್ ಬಣ್ಣಾ ಕೆರೀತೈತಿ. ಹಿಂದಿನವ ಹಂಗ ಕೆರದs ಹೋದ."

ಹಿಂದಿನ ಡ್ರೈವರ್ ಅಪಘಾತ ಮಾಡಿ ಕೆಲಸ ಕಳೆದುಕೊಂಡಿರಬೇಕು ಎಂದು ನಾನು ತಿಳಿದಿದ್ದೆ. ಬಕಲ್ಲಿನಿಂದ ಕಳೆದುಕೊಂಡಿದ್ದನೆಂದು ಆಗ ಗೊತ್ತಾಯಿತು. ನನ್ನ ಪ್ಯಾಂಟು ನನ್ನ ಸೈಜಿನದಾಗಿರಲಿಲ್ಲ. ಮೊದಲ ದಿನ ಒಂದು ಕೈಯಲ್ಲಿ ಕಾರು ತಿಕ್ಕುತ್ತ ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡಿದ್ದೆ. ಅಡುಗೆಯ ಗಂಗವ್ವ ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಮರುದಿನ ಒಂದು ಲಾಡಿ ತಂದುಕೊಟ್ಟಳು. ಮುಂದೆ ಎಷ್ಟೋ ವರ್ಷ ಆ ಮನೆಯಲ್ಲಿ ನನ್ನ ಬೆಂಬಲಕ್ಕಿದ್ದವರು ಗಂಗವ್ವ ಮತ್ತು ಆ ಲಾಡಿ.

ಬಾಯಾರ ಲೆಕ್ಕದಲ್ಲಿ ಕಾರು ತಿಕ್ಕುವುದು ಆಪರೇಶನ್ನಿಗೆ ಸಮ. ಮೊಣಕೈವರೆಗೆ ಸಾಬೂನು ಹಚ್ಚಿ ಕೈ ತೊಳೆಯಬೇಕು. ಮೊದಲು ನೀರು ಹೊಯ್ದು ಧೂಳು ಇಳಿಸಬೇಕು, ಒಣ ಬಟ್ಟೆಯಿಂದ ಧೂಳು ಒರೆಸಿದರೆ ಮರಳ ಕಾಗದದಿಂದ ಒರೆಸಿದಂತೆಯೇ. ಬಿಳಿ ಕಾರಿನಲ್ಲಿ ಆ ಗೆರೆ ಯಾರಿಗೂ ಕಾಣುವುದಿಲ್ಲ. ಕರಿ ಕಾರಿನಲ್ಲಿ ಬಿಸಿಲು ಬಿದ್ದ ಕೂಡಲೇ ಜೇಡರ ಬಲೆಯ ಹಾಗೆ ಎದ್ದು ಕಾಣುತ್ತದೆ. ಬಟ್ಟೆ ಮೆತ್ತಗಿರಬೇಕು, ಅಂಚು ಇರಬಾರದು, ಗುಂಡಿ ಇರಬಾರದು. ಆ ಮನೆಯಲ್ಲಿ ಬಟ್ಟೆಗೆ ಬರವಿರಲಿಲ್ಲ. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹೆಣ್ಣುಮಕ್ಕಳು ಬಾಣಂತನಕ್ಕೆ ಬಂದರೆ ಮೆತ್ತನೆಯ ಹಳೆಯ ಸೀರೆಯ ತುಂಡುಗಳನ್ನು ಗಂಟುಗಟ್ಟಲೆ ತರುತ್ತಿದ್ದರು. ಕೂಸಿಗೆ ಬಳಸಿ ಉಳಿದದ್ದು ಕಾರಿಗೆ. "ಕೂಸಿನ ಮೈಗೆ ಹತ್ತೋ ಬಟ್ಟಿನ ಕಾರಿಗೂ ಹತ್ತತೈತಿ" ಎನ್ನುತ್ತಿದ್ದರು ಬಾಯಾರು. ಅದು ಸರಿಯಾದ ಮಾತೇ. ಈಗಿನ ಹುಡುಗರು ಬಳಸುವ ಹಸಿರು, ಹಳದಿ ಬಟ್ಟೆಗಳು ಕೂಡ ಅದರ ಮುಂದೆ ಒರಟು.

ಆದರೆ ಬಾಯಾರು ಹೇಳಿದ್ದೆಲ್ಲ ಸರಿ ಇರುತ್ತಿರಲಿಲ್ಲ. ವ್ಯಾಕ್ಸಿನ ವಿಷಯದಲ್ಲಿ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹುಬ್ಬಳ್ಳಿಯಿಂದ ಯಾರೋ ಒಂದು ಡಬ್ಬಿ ತಂದುಕೊಟ್ಟಿದ್ದರು. ಮೇಣದ ಹಾಗೆ ಗಟ್ಟಿ, ಬಿಳಿ ಬಣ್ಣ. ಡಬ್ಬಿಯ ಮೇಲಿನ ಇಂಗ್ಲಿಷನ್ನು ಬಾಯಾರೇ ಓದಿ, "ಹಚ್ಚಿ ಒಣಗಾಕ ಬಿಡಬೇಕಂತ. ಬಿಸಲಾಗ ಲಗೂ ಒಣಗತೈತಿ, ಬಯಲಾಗ ನಿಲ್ಲಸು, ಪೂರಾ ಕಾರಿಗೆ ಒಮ್ಮಿಗೇ ಹಚ್ಚು" ಎಂದು ಅಪ್ಪಣೆ ಕೊಟ್ಟರು. ಬೇಸಿಗೆಯ ಬಿಸಿಲು. ಕರಿ ತಗಡು ರೊಟ್ಟಿಯ ಹಂಚಿನಷ್ಟು ಕಾದಿತ್ತು. ನಾನು ಹಚ್ಚಿದೆ. ಅದು ಒಣಗಿತು. ಎಷ್ಟು ಒಣಗಿತೆಂದರೆ ಮತ್ತೆ ಬಿಡಲಿಲ್ಲ. ತಿಕ್ಕಿದರೆ ಬಟ್ಟೆ ಹರಿಯಿತು, ವ್ಯಾಕ್ಸ್ ಅಲುಗಲಿಲ್ಲ. ಬಾನೆಟ್ಟಿನಿಂದ ಡಿಕ್ಕಿಯವರೆಗೆ ಕಾರು ವಿಭೂತಿ ಬಳಿದುಕೊಂಡ ಸ್ವಾಮಿಯ ಹಾಗೆ ನಿಂತಿತ್ತು.

ಅಷ್ಟರಲ್ಲಿ ಬೀಳಗಿಯಿಂದ ಕರೆ ಬಂತು. ಕಷ್ಟದ ಹೆರಿಗೆ. ಬಾಯಾರು ಚೀಲ ಹಿಡಿದು ಬಂದು ಕಾರನ್ನು ನೋಡಿದರು, ನನ್ನನ್ನು ನೋಡಿದರು. ಅಪ್ಪಣೆ ತಮ್ಮದೇ ಆದ್ದರಿಂದ ಬೈಯಲು ಬರಲಿಲ್ಲ. "ನಡಿ" ಎಂದು ಹತ್ತಿ ಕೂತರು.

ಬೀಳಗಿಯಲ್ಲಿ ಆ ಮನೆಯ ಮುಂದೆ ಕಾರು ನಿಲ್ಲಿಸಿದೆ. ಬಾಯಾರು ಒಳಗೆ ಹೋದರು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಾರಿನ ಸುತ್ತ ನಿಂತರು. ಒಬ್ಬ ಮುದುಕಿ ನನ್ನನ್ನು ಕೇಳಿದಳು: "ಯಾವ ದೇವರದೋ ತಮ್ಮಾ ಇದು?"

"ದೇವರದಲ್ಲಬೇ, ಡಾಕ್ಟರ್ ಬಾಯಾರದು."

"ಅಂದ್ರ ಪೂಜಿ ಮಾಡ್ಸಿಕೊಂಡ ಬಂದಾರ. ನಮ್ಮ ಸೊಸಿ ಸಲುವಾಗಿ ಹರಕಿ ಹೊತ್ತಾರ ತಾಯಿ!"

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅರಿಷಿಣ ಬಂತು, ಕುಂಕುಮ ಬಂತು, ಬಾನೆಟ್ಟಿನ ಮೇಲೆ ಹೂವು ಬಂತು. ಗಾಲಿಯ ಮುಂದೆ ಕಾಯಿ ಒಡೆದರು. ಸರಿಯಾಗಿ ಅದೇ ಹೊತ್ತಿಗೆ ಒಳಗಿನಿಂದ ಕೂಸು ಅತ್ತ ದನಿ ಕೇಳಿಬಂದದ್ದು ನನ್ನ ದುರ್ದೈವ. ಮುದುಕಿ ಕಾರಿಗೆ ಅಡ್ಡಬಿದ್ದಳು. ಬಾಯಾರು ಹೊರಗೆ ಬಂದು ನೋಡುತ್ತಾರೆ, ಇಡೀ ಓಣಿ ಕಾರಿಗೆ ಕೈ ಮುಗಿದು ನಿಂತಿದೆ. ನೆಟ್ಟಗೆ ಬಂದು ಕಾರು ಹತ್ತಿದರು. ಬೀಳಗಿ ದಾಟಿದ ಮೇಲೆ ಹಿಂದಿನ ಸೀಟಿನಿಂದ ದನಿ ಬಂತು: "ಬೆವರ ಸುರಿಸಿದಾಕಿ ನಾನು. ಕಾಯಿ ಕಾರಿಗೆ!"

ಆ ವ್ಯಾಕ್ಸ್ ಬಿಡಿಸಲು ಕೊನೆಗೆ ಬನಹಟ್ಟಿಯ ಪೇಂಟ್ ಮೇಸ್ತ್ರಿ ಇಸ್ಮಾಯಿಲ್ ಬರಬೇಕಾಯಿತು. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ನಿಧಾನ ಮೆತ್ತಗೆ ಮಾಡಿ ತೆಗೆದ. ನೆರಳಲ್ಲಿ ನಿಲ್ಲಿಸಬೇಕು, ತಗಡು ತಣ್ಣಗಿರಬೇಕು, ಅಂಗೈಯಗಲದ ಜಾಗಕ್ಕೆ ಹಚ್ಚಿ ಅದನ್ನು ಒರೆಸಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು ಎಂದು ಇಬ್ಬರಿಗೂ ಪಾಠ ಹೇಳಿದ. ಬಾಯಾರು ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದರು. ಅಂದಿನಿಂದ ಅಂಗಳದ ಬೇವಿನ ಗಿಡದ ಕೆಳಗೆ, ಬಿಸಿಲು ಏರುವ ಮುಂಚೆ ನನ್ನ ಕೆಲಸ.

ಕೆಲಸ ಕೈಗೆ ಹತ್ತಿದ ಮೇಲೆ ಬೇರೆ ತೊಂದರೆ ಶುರುವಾಯಿತು. ಚೆನ್ನಾಗಿ ವ್ಯಾಕ್ಸ್ ಹಿಡಿದ ಕರಿ ಕಾರು ನಿಲುವುಗನ್ನಡಿಯೇ. ಬನಹಟ್ಟಿಯಲ್ಲಿ ಸಂತೆಯ ದಿನ ಕಾರು ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಒಬ್ಬ ಕ್ಷೌರಿಕ ಅದರ ಬಾಗಿಲಿನ ಮುಂದೆ ಗಿರಾಕಿಯನ್ನು ಕೂರಿಸಿ ಮೀಸೆ ತಿದ್ದುತ್ತಿದ್ದ. ಇನ್ನಿಬ್ಬರು ಸರದಿಯಲ್ಲಿ ಕಾಯುತ್ತಿದ್ದರು. ಏಳಿ ಎಂದರೆ, "ಅರ್ಧಾ ಮೀಸಿ ಆಗೇತ್ರಿ, ಇನ್ನರ್ಧಾ ಮುಗೀಲಿ" ಎಂದು ನನಗೇ ಬುದ್ಧಿ ಹೇಳಿದ. ಬಾಯಾರು ಬಂದು, ಕಾದು, ಮೀಸೆ ಮುಗಿದ ಮೇಲೆಯೇ ಹೊರಟರು. ಎಡಗಡೆ ಸ್ವಲ್ಪ ಜಾಸ್ತಿ ಉಳಿದಿದೆ ಎಂದು ಹೇಳಿಯೂ ಹೋದರು.

ಮನುಷ್ಯರಾದರೆ ಮೀಸೆ ತಿದ್ದಿಕೊಂಡು ಸುಮ್ಮನಾಗುತ್ತಾರೆ. ತಿಮ್ಮಾಪುರದ ನಾಯಿ ಸುಮ್ಮನಾಗಲಿಲ್ಲ. ಅಲ್ಲಿನ ಗೌಡರೊಬ್ಬರ ಸೊಸೆಯ ಹೆರಿಗೆಗೆ ಹೋಗಿದ್ದೆವು. ಅವರ ಮನೆಯಲ್ಲಿ ಒಂದು ಬೇಟೆ ನಾಯಿ, ಎತ್ತರದ ಕಾಲು, ಸಣ್ಣ ನಡು, ರಾಜನ ಗತ್ತು. ಅದು ನಡೆದು ಬಂದು ಕಾರಿನ ಬಾಗಿಲಲ್ಲಿ ಇನ್ನೊಂದು ನಾಯಿಯನ್ನು ನೋಡಿತು. ಇದು ಕಿವಿ ನಿಮಿರಿಸಿತು, ಅದೂ ನಿಮಿರಿಸಿತು. ಇದು ಹಲ್ಲು ತೋರಿಸಿತು, ಅದೂ ತೋರಿಸಿತು. ಕಾರಿನ ಸುತ್ತ ಓಡಿತು, ಎಲ್ಲಾ ಬಾಗಿಲಲ್ಲೂ ಅದೇ ನಾಯಿ. ಕೊನೆಗೆ ಹಾರಿ ಬಿತ್ತು. ನಾನು ಬಿಡಿಸಲು ಹೋದರೆ ನಾಯಿಗಿಂತ ಮೊದಲು ಗೌಡರು ನನ್ನ ಮೇಲೆ ಬಂದರು: "ಏ ಡ್ರೈವರಾ, ನಮ್ಮ ನಾಯಿ ಎಂದೂ ತಾನಾಗಿ ಜಗಳಾ ತಗದದ್ದಲ್ಲ. ನಿಮ್ಮ ಕಾರಿನ್ಯಾಗಿಂದ ಮೊದಲ ಹಲ್ಲ ಕಿಸದೈತಿ, ನಾ ಕಣ್ಣಾರೆ ನೋಡೇನಿ."

ಬಾಗಿಲ ಮೇಲೆ ಉದ್ದಕ್ಕೆ ಉಗುರಿನ ಗೀರು. ಬಾಯಾರು ಹೊರಗೆ ಬಂದರು. ಅವರು ಗೀರನ್ನು ಬೆರಳಿನಿಂದ ಸವರಿ, ಗೌಡರಿಗೆ ಮೊಮ್ಮಗಳು ಹುಟ್ಟಿದ ಸುದ್ದಿ ಹೇಳಿ, "ಆ ಕೂಸಿನ್ನ ನಾಯಿಗಿಂತ ಒಂದ ತೂಕ ಹೆಚ್ಚ ಜೋಪಾನ ಮಾಡ್ರಿ. ಮುಂದಿನ ತಿಂಗಳ ಬಂದು ನೋಡ್ತೇನಿ" ಎಂದರು. ಹೇಳಿದಂತೆ ಮುಂದಿನ ತಿಂಗಳು ಹೋಗಿ ನೋಡಿದರು ಕೂಡ. ನಾನು ಕಾರನ್ನು ಊರ ಹೊರಗೆ ನಿಲ್ಲಿಸಿದ್ದೆ.

ಇದೆಲ್ಲ ನಗುವ ವಿಷಯ. ಇನ್ನು ಮುಂದಿನದು ಅಷ್ಟು ಸುಲಭಕ್ಕೆ ನಗಿಸಲಿಲ್ಲ.

ದಿನಾ ಬೆಳಿಗ್ಗೆ ಬಾಯಾರು ಮೆಟ್ಟಿಲ ಮೇಲೆ ನಿಂತು ಕಾರನ್ನು ನೋಡಿ ಒಂದು ಸಲ ತಲೆದೂಗಿ ಆಸ್ಪತ್ರೆಯ ಕಡೆಗೆ ತಿರುಗುತ್ತಿದ್ದರು. ಅದೇ ನನ್ನ ಹಾಜರಿ. ಎಷ್ಟೋ ವರ್ಷ ಅದು ತಪ್ಪಿರಲಿಲ್ಲ. ಒಂದು ದಿನ ತಲೆದೂಗಲಿಲ್ಲ. "ಬೀರಪ್ಪಾ, ಹೊಳೀವಲ್ದಲ್ಲೋ" ಎಂದರು.

ನಾನು ನೋಡಿದೆ. ಬೇವಿನ ಎಲೆ ಎಲೆಯೂ ಬಾನೆಟ್ಟಿನಲ್ಲಿ ಕಾಣುತ್ತಿತ್ತು. ಆದರೂ ಮತ್ತೆ ತಿಕ್ಕಿದೆ. ಮರುದಿನ ಮತ್ತೆ ಅದೇ ಮಾತು. "ಮಂಜ ಮಂಜ ಆಗೇತಿ. ಪಾಲಿಶ್ ಬದಲ ಮಾಡು."

ಬದಲಿಸಿದೆ. ಬೆಳಗಾವಿಯ ಡಬ್ಬಿ ಬಂತು, ಕೊಲ್ಲಾಪುರದ ಬಾಟಲಿ ಬಂತು. ಗಂಗವ್ವ ತನ್ನದೂ ಒಂದು ಉಪಾಯ ಇರಲೆಂದು, ನಾನಿಲ್ಲದ ಹೊತ್ತಿನಲ್ಲಿ, ಕಾರಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದಳು. ಅದು ಒಂದು ಗಳಿಗೆ ಚೆನ್ನಾಗಿಯೇ ಮಿಂಚಿತು. ಆಮೇಲೆ ಸಾವಳಗಿಯವರೆಗೆ ಹೋಗಿ ಬಂದೆವು. ದಾರಿಯ ಧೂಳೆಲ್ಲ ಎಣ್ಣೆಗೆ ಅಂಟಿ, ನಮ್ಮ ಕಾರು ನಮ್ಮಪ್ಪನ ಕಂಬಳಿಯ ಹಾಗೆ ಕಾಣುತ್ತಿತ್ತು. ಗಂಗವ್ವ ತನ್ನ ಹಣೆ ತಾನೇ ಬಡಿದುಕೊಂಡಳು. ಬಾಯಾರು ಮಾತ್ರ ಇಳಿದು ನೋಡಿ, "ದಿನಾ ಇದ್ದಂಗs ಐತಿ" ಎಂದರು. ಆಗ ನನಗೆ ಸಿಟ್ಟು ಬಂದಿತ್ತೇ ಹೊರತು ಬೇರೇನೂ ಹೊಳೆಯಲಿಲ್ಲ.

ಕೊನೆಗೆ ಕಾಂಪೌಂಡ್ ಹಚ್ಚಲು ಹೇಳಿದರು. ಹೊಸದಾಗಿ ಈ ಕೆಲಸಕ್ಕೆ ಬಂದವರು ಇದನ್ನು ಗಮನವಿಟ್ಟು ಓದಬೇಕು. ವ್ಯಾಕ್ಸ್ ಬಣ್ಣದ ಮೇಲೆ ಹೊದಿಕೆ ಹೊದಿಸುತ್ತದೆ. ಕಾಂಪೌಂಡ್ ಬಣ್ಣವನ್ನೇ ತೆಳ್ಳಗೆ ಕೆರೆದು ಒಳಗಿನ ಹೊಸ ಪದರ ತೋರಿಸುತ್ತದೆ. ವ್ಯಾಕ್ಸನ್ನು ಎಷ್ಟು ಸಲ ಹಚ್ಚಿದರೂ ನಡೆಯುತ್ತದೆ. ಕಾಂಪೌಂಡ್ ಹಚ್ಚುವಾಗ ಪ್ರತಿ ಸಲವೂ ಕಾರಿನ ಚರ್ಮ ಸವೆಯುತ್ತದೆ. ನಾನು ತಿಂಗಳು ತಿಂಗಳು ತಿಕ್ಕಿದೆ. ಬಾನೆಟ್ಟಿನ ಅಂಚಿನಲ್ಲಿ ಕೆಂಪು ಪ್ರೈಮರ್ ಇಣುಕಿತು. ಇಸ್ಮಾಯಿಲ್ ಮೇಸ್ತ್ರಿ ನೋಡಿ, "ಸಾಕ ಮಾಡ್ರಿ. ಇನ್ನೊಂದ ಸಲ ತಿಕ್ಕಿದ್ರ ಇಂಜಿನ್ ಕಾಣತೈತಿ" ಎಂದ.

ಬಾಯಾರು ಮೇಸ್ತ್ರಿಯನ್ನೂ ನಂಬಲಿಲ್ಲ. ಬೆಳಗಾವಿಯಿಂದ ಒಬ್ಬ ಪಾಲಿಶ್ ಪ್ರವೀಣನನ್ನು ಕರೆಸಿದರು. ಅವನು ಬಿಳಿ ಕೈಗವಸು ಹಾಕಿಕೊಂಡು, ಯಾರೂ ಹತ್ತಿರ ಬರಬಾರದೆಂದು ಹಗ್ಗ ಕಟ್ಟಿ, ದಿನವಿಡೀ ಕೆಲಸ ಮಾಡಿದ. ಮುಗಿದಾಗ ಕಾರು ನಿಜವಾಗಿಯೂ ನೀರಿನ ಹಾಗೆ ಇತ್ತು. ನನಗೆ ಹೊಟ್ಟೆಕಿಚ್ಚಾಯಿತು. ಬಾಯಾರು ಮೆಟ್ಟಿಲ ಮೇಲೆ ನಿಂತು, ಕಣ್ಣು ಕಿರಿದು ಮಾಡಿ ನೋಡಿ, "ಇವಗೂ ಬರೂದಿಲ್ಲ" ಎಂದು ಒಳಗೆ ಹೋದರು. ಪ್ರವೀಣನ ಮುಖ ನೋಡಿ ನನಗಾದ ಸಂತೋಷ ದೊಡ್ಡದು. ಅವನಿಗೆ ಗಂಗವ್ವನ ಕೈಯಲ್ಲಿ ಇನ್ನೊಂದು ರೊಟ್ಟಿ ಹಾಕಿಸಿದೆ.

ಆಮೇಲೆ ಮುಧೋಳದಲ್ಲಿ ಒಂದು ಮದುವೆ. ಊಟ ಮುಗಿಸಿ ಬಾಯಾರು ಹೊರಗೆ ಬಂದರು. ನಾನು ನಮ್ಮ ಕಾರಿನ ಬಾಗಿಲು ತೆರೆದು ನಿಂತಿದ್ದೆ. ಅವರು ನನ್ನನ್ನು ದಾಟಿ ನೆಟ್ಟಗೆ ನಡೆದು, ಆಚೆಗಿದ್ದ ಬೇರೆ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಅದು ಕಂದು ಬಣ್ಣದ್ದು. ದಿಬ್ಬಣ ಹೊತ್ತು ತಂದದ್ದರಿಂದ ಧೂಳು ಮೆತ್ತಿ, ಗಾಜಿನ ಮೇಲೆ ಯಾರೋ ಬೆರಳಿನಿಂದ ವರನ ಹೆಸರು ಬರೆದಿದ್ದರು. ಒಳಗೆ ನಿದ್ದೆ ಹೊಡೆಯುತ್ತಿದ್ದ ಡ್ರೈವರ್ ಎಚ್ಚತ್ತು ಕುಳಿತ. ಬಾಯಾರು ಅವನ ಬೆನ್ನಿಗೆ ಹೇಳುತ್ತಿದ್ದರು: "ಇವತ್ತ ನೋಡು, ಸ್ವಲ್ಪ ಛಲೋ ತಿಕ್ಕೀದಿ. ಹಿಂಗ ಮಾಡಬೇಕು."

ಆ ಡ್ರೈವರ್ ಹುಟ್ಟಿದಂದಿನಿಂದ ಕಾರು ತಿಕ್ಕಿದವನಲ್ಲ. "ಆತ್ರೀ ಅವ್ವಾರ" ಎಂದ.

ನಾನು ಓಡಿ ಹೋಗಿ, "ಬಾಯಾರ, ನಮ್ಮ ಗಾಡಿ ಆ ಕಡೆ ಐತ್ರಿ" ಎಂದೆ. ಅವರು ಇಳಿದರು. "ನಂಗೊತ್ತೈತಿ. ಇವಗ ನಾಕ ಮಾತ ಹೇಳಾಕ ಕೂತಿದ್ನಿ" ಎಂದರು. ಅವರನ್ನು ನಮ್ಮ ಕಾರಿಗೆ ಹತ್ತಿಸಿ ಸ್ಟಿಯರಿಂಗ್ ಹಿಡಿದೆ. ಕಾರಿನ ಮೇಲೆ ಮಂಜು ಇರಲಿಲ್ಲ. ಮಂಜು ಎಲ್ಲಿತ್ತೆಂದು ನನಗೆ ತಿಳಿದಿತ್ತು.

ಮನೆಗೆ ಬಂದು ನರ್ಸ್ ರತ್ನಾಬಾಯಿಯನ್ನು ಕೇಳಿದೆ. ಅವರು ಆ ಆಸ್ಪತ್ರೆಯಲ್ಲಿ ನನಗಿಂತ ಹಳಬರು. ಕೇಳಿದ ಕೂಡಲೇ ಕಣ್ಣೀರು ಹಾಕಿದರು. "ಹೊಲಿಗಿ ಹಾಕಾಕ ಬಾಗಲಕೋಟಿಯಿಂದ ಒಬ್ಬಾಕಿ ಎಳೀ ಡಾಕ್ಟರಮ್ಮನ್ನ ಕರಸ್ತಾರ ಬೀರಪ್ಪಾ, ಆಕಿಗೆ ಕಲಸಾಕತ್ತೇನಿ ಅಂತಾರ. ಔಷಧದ ಹೆಸರ ನಾನs ಓದಿ ಹೇಳ್ತೇನಿ. ಕಾಣವಲ್ದೇನ್ರಿ ಅಂದ್ರ, ಬೆಳಕ ಇಲ್ಲ ಅಂತಾರ. ಬಲ್ಬ್ ಬದಲ ಮಾಡಸ್ತಾರ."

"ಹೇಳ್ರಿ ಅವರಿಗೆ."

"ನೀ ಹೇಳು. ನನಗ ಧೈರ್ಯಿಲ್ಲ."

ಗಂಗವ್ವನನ್ನು ಕೇಳಿದೆವು. ಅವಳು ಒಲೆಯ ಕಡೆ ತಿರುಗಿ, "ನಾ ಅಡಗಿ ಮಾಡಾಕಿ" ಎಂದಳು. ಹೇಳುವುದಾದರೂ ಹೇಗೆ? ಈ ಮೂರು ತಾಲೂಕಿನಲ್ಲಿ ಅರ್ಧ ಜನ ಅವರ ಕೈಯಲ್ಲಿ ಹುಟ್ಟಿದವರು. ನನ್ನ ಮಕ್ಕಳೂ ಅವರ ಕೈಯಲ್ಲಿಯೇ ಹುಟ್ಟಿದ್ದು. ನಿಮ್ಮ ಕಣ್ಣು ಹೋಗುತ್ತಿವೆ ಎಂದು ಅವರಿಗೆ ಹೇಳುವುದೆಂದರೆ ನಿಮ್ಮ ಕೆಲಸ ಮುಗಿಯಿತು ಎಂದು ಹೇಳಿದ ಹಾಗೆ. ಮೂವರೂ ಸುಮ್ಮನಾದೆವು. ನಾನು ಮತ್ತೆ ಬೆಳಿಗ್ಗೆ ಎದ್ದು ತಿಕ್ಕಿದೆ. ಈಗ ತಿಕ್ಕಿ ಉಪಯೋಗವಿಲ್ಲವೆಂದು ಗೊತ್ತಿದ್ದೂ ತಿಕ್ಕಿದೆ.

ತಿಕ್ಕಿ ತಿಕ್ಕಿ ನನ್ನ ಬಲಗೈ ಮಣಿಕಟ್ಟು ಬಾತುಕೊಂಡಿತು. ರತ್ನಾಬಾಯಿ ಪಟ್ಟಿ ಕಟ್ಟಿ, ಗಾಡಿ ಓಡಿಸು, ತಿಕ್ಕುವುದು ಮಾತ್ರ ಬೇಡ ಎಂದರು. ಹಿಂದಿನ ದಿನವಷ್ಟೇ ಬೀಳಗಿಯ ಮಣ್ಣಿನ ದಾರಿಯಲ್ಲಿ ಹೋಗಿ ಬಂದಿದ್ದೆವು. ಕಾರಿನ ಮೇಲೆ ಬೆರಳಿನಿಂದ ಲೆಕ್ಕ ಬರೆಯುವಷ್ಟು ಧೂಳು. ಅದರ ಮೇಲೆ ಬೇವಿನ ಗಿಡದ ಕಾಗೆಗಳ ಕೊಡುಗೆ ಬೇರೆ. ಬಾಯಾರು ಬರುವುದರೊಳಗೆ ವಿಷಯ ತಿಳಿಸು ಎಂದು ಗಂಗವ್ವನಿಗೆ ಹೇಳಿದ್ದೆ, ಅವಳು ರೊಟ್ಟಿ ಬಡಿಯುತ್ತ ಮರೆತಳು.

ಬಾಯಾರು ಮೆಟ್ಟಿಲಿಗೆ ಬಂದರು. ಕಾರಿನ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ, ಎಷ್ಟೋ ತಿಂಗಳ ನಂತರ, ತಲೆದೂಗಿದರು. "ಈಗ ಬಂತ ನೋಡು ಹೊಳಪು. ಇಷ್ಟ ದಿನಾ ಬೈದದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡೋ."

ಗಂಗವ್ವ ಬಾಗಿಲಲ್ಲಿ ನಿಂತು, ಹೌದು ಅನ್ನು, ಹೌದು ಅನ್ನು ಎಂದು ನನಗೆ ಕೈಸನ್ನೆ ಮಾಡುತ್ತಿದ್ದಳು. ಹೌದ್ರಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ರಬಕವಿಯ ಒಬ್ಬ ಚೊಚ್ಚಲ ಬಸುರಿ, ಅವ್ವನ ತೋಳಿಗೆ ಒರಗಿಕೊಂಡು ಕೂತಿದ್ದಳು. ಅವಳು ಬಾಯಾರನ್ನೇ ನೋಡುತ್ತಿದ್ದಳು. ಬಾಯಾರು ಬಂದರು, ಇನ್ನು ಏನೂ ಭಯವಿಲ್ಲ ಎನ್ನುವ ನೋಟ ಅದು.

"ಬಾಯಾರ," ಎಂದೆ, "ಇವತ್ತ ನಾ ಕಾರ್ ಮುಟ್ಟಿಲ್ರಿ."

ಅವರು ಮೆಟ್ಟಿಲಿಳಿದು ಬಂದು ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟು ಎಳೆದರು. ಕೈಯನ್ನು ಮುಖದ ಹತ್ತಿರ, ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದರು. ಧೂಳನ್ನು ಬೆರಳಲ್ಲಿ ತಿಕ್ಕಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡರು. ಬಿಳಿ ಸೀರೆಗೆ ಕಲೆ ಮಾಡಿಕೊಂಡದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

"ರತ್ನಾ, ಆ ಹುಡಿಗೀನ ಒಳಗ ಮಲಗಸು. ಬಾಗಲಕೋಟಿ ಡಾಕ್ಟರಮ್ಮಗ ಫೋನ್ ಹಚ್ಚಿ ಈಗಿಂದೀಗ ಬಾ ಅಂತ ಹೇಳು" ಎಂದರು. ಬಾಗಲಕೋಟೆಯ ಆ ಎಳೆಯ ಡಾಕ್ಟರು ಬಂದು ಹುಡುಗಿಯನ್ನು ತಮ್ಮ ಸುಪರ್ದಿಗೆ ತೆಗೆದುಕೊಳ್ಳುವವರೆಗೆ ಬಾಯಾರು ಅವಳ ಹತ್ತಿರ ಕೂತು, ಕೈ ಹಿಡಿದುಕೊಂಡು ಮಾತಾಡಿಸಿದರು. ಆಮೇಲೆ ಹೊರಗೆ ಬಂದು, "ಬೀರಪ್ಪಾ, ಗಾಡಿ ತಗಿ" ಎಂದರು.

"ಎಲ್ಲಿಗ್ರಿ?"

"ಮಿರಜಿಗೆ. ಕಣ್ಣಿನ ಡಾಕ್ಟರ ಹಂತ್ಯಾಕ."

ತೇರದಾಳ ದಾಟಿದೆವು. ಆಮೇಲೆ ಅವರೇ ಮಾತು ಶುರುಮಾಡಿದರು. "ಮೋತಿಬಿಂದು. ಕಣ್ಣಿಗೆ ಪೊರಿ ಬಂದೈತಿ. ನಂಗೊತ್ತಿತ್ತೋ. ಡಾಕ್ಟರ್ ಇದ್ದೇನಿ, ಗೊತ್ತಾಗೂದಿಲ್ಲೇನು? ಹೊಲಿಗಿ ಹಾಕೂದ, ಕತ್ರಿ ಹಿಡಿಯೂದ ಹೋದ ವರ್ಷನ ಬಿಟ್ಟೇನಿ. ಆ ಡಾಕ್ಟರಮ್ಮಗ ಕಲಸಾಕತ್ತೇನಿ ಅಂತ ರತ್ನಾಗ ಸುಳ್ಳ ಹೇಳಿ ಆಕಿನ್ನ ಕರಸ್ತಿದ್ನಿ. ಆದರ ದಿನಾ ಮುಂಜಾನೆ ಅನ್ನಸ್ತಿತ್ತು, ಇವತ್ತೊಂದ ದಿನಾ ಪಾಲಿಶ್‌ದ್ದs ತಪ್ಪ ಇದ್ರ ಎಷ್ಟ ಛಲೋ."

"ಪಾಲಿಶ್‌ದ್ದೂ ಸ್ವಲ್ಪ ತಪ್ಪ ಇತ್ತರಿ" ಎಂದೆ.

"ಸುಳ್ಳ ಹೇಳಬ್ಯಾಡ. ಈಗಷ್ಟ ಖರೆ ಹೇಳಾಕ ಕಲ್ತೀದಿ" ಎಂದರು. ಕನ್ನಡಿಯಲ್ಲಿ ನೋಡಿದೆ, ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

ಆಗಿನ ಕಾಲದ ಆಪರೇಶನ್ ಈಗಿನ ಹಾಗೆ ಒಂದು ಹಗಲಿನದಲ್ಲ. ಒಂದು ಕಣ್ಣು, ಬಿಡುವು, ಇನ್ನೊಂದು ಕಣ್ಣು, ಹಸಿರು ಪಟ್ಟಿ, ಕತ್ತಲೆ ಕೋಣೆ. ಎಲ್ಲ ಮುಗಿದು ದಪ್ಪ ಕನ್ನಡಕ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಕನ್ನಡಕ ಹಾಕಿಕೊಂಡು ಬಾಯಾರು ಮೊದಲ ಸಲ ಮೆಟ್ಟಿಲಿಗೆ ಬಂದಾಗ ನಾವೆಲ್ಲ ಸಾಲಾಗಿ ನಿಂತಿದ್ದೆವು. ಗಂಗವ್ವ ಆರತಿ ತಟ್ಟೆ ಹಿಡಿದಿದ್ದಳು. ಬಾಯಾರು ಆರತಿಯನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಕಾರಿನ ಹತ್ತಿರ ಹೋದರು.

"ಅಯ್ಯಯ್ಯ! ಯಾರೋ ನನ್ನ ಕಾರ ಹಿಂಗ ಕೆರದವರು?"

ಎಲ್ಲಿ ನೋಡಿದರಲ್ಲಿ ಕೆಂಪು ಪ್ರೈಮರ್, ಉರುಟು ಉರುಟು ಗೆರೆ.

"ನೀವs ಕೆರಸಿದ್ದರಿ" ಎಂದೆ.

ಆ ವಾರ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ತೊಲೆಯ ಮೇಲಿನ ಜೇಡರ ಬಲೆ ಸಿಕ್ಕಿತು, ಅಕ್ಕಿಯಲ್ಲಿನ ಹುಳ ಸಿಕ್ಕಿತು, ಆಸ್ಪತ್ರೆಯ ಗೋಡೆಯ ಮೇಲೆ ಎಲೆಯಡಿಕೆ ಉಗುಳಿದ ಕಲೆ ಸಿಕ್ಕಿತು. ಬಾಯಾರು ಕನ್ನಡಕ ಏರಿಸಿಕೊಂಡು ಕೋಣೆಯಿಂದ ಕೋಣೆಗೆ ಹೋಗುತ್ತಿದ್ದರೆ ಗಂಗವ್ವ ನನ್ನ ಹತ್ತಿರ ಬಂದು, "ಹಳೇ ಕಣ್ಣs ಛಲೋ ಇದ್ದೂ ನೋಡಪಾ" ಎಂದು ನಿಟ್ಟುಸಿರು ಬಿಟ್ಟಳು.

ಆಸ್ಪತ್ರೆಯನ್ನು ಬಾಗಲಕೋಟೆಯ ಡಾಕ್ಟರಮ್ಮನಿಗೆ ಒಪ್ಪಿಸಿ, ಬಾಯಾರು ಸಲಹೆ ಹೇಳುವಷ್ಟಕ್ಕೆ ಕೂತರು. ಯಾರೂ ಕೇಳದಿದ್ದರೂ ಸಲಹೆ ಹೇಳುತ್ತಿದ್ದರು. ಕಾರನ್ನು ಹೊಸದಾಗಿ ಬಣ್ಣ ಹೊಡೆಸಲು ಬನಹಟ್ಟಿಗೆ, ಇಸ್ಮಾಯಿಲ್ ಮೇಸ್ತ್ರಿಯ ಶೆಡ್ಡಿಗೆ ಕಳಿಸಿದೆವು. ಅವನು ಹಳೆಯ ಬಣ್ಣವನ್ನು ಪೂರ್ತಿ ತೆಗೆದು, ಪುಟ್ಟಿ ಹಾಕಿ, ಮತ್ತೆ ಅದೇ ಕಡುಗಪ್ಪು ಹೊಡೆದ. ಕೆಲಸ ಮುಗಿಯಿತೆಂದು ಹೇಳಿ ಕಳಿಸಿದಾಗ ನಾನೂ ಬಾಯಾರೂ ಬಸ್ಸಿನಲ್ಲಿ ಹೋದೆವು. ಬಸ್ಸಿನಲ್ಲಿ ಕಂಡಕ್ಟರ್ ಅವರಿಗೆ ಮುಂದಿನ ಸೀಟು ಬಿಡಿಸಿಕೊಟ್ಟ. ಅವನೂ ಅವರ ಕೈಯಲ್ಲಿ ಹುಟ್ಟಿದವನೇ. "ನೀ ಹುಟ್ಟಬೇಕಾದ್ರ ಭಾಳ ಕಾಡಿದ್ದಿ" ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದರು. ಅವನು ಬನಹಟ್ಟಿಯವರೆಗೂ ಹಿಂದಿನ ಬಾಗಿಲು ಬಿಟ್ಟು ಈ ಕಡೆ ಬರಲಿಲ್ಲ.

ಮೇಸ್ತ್ರಿ ಶೆಡ್ಡಿನಿಂದ ಕಾರು ಹೊರಗೆ ತಂದು ನಿಲ್ಲಿಸಿದ. ಬಾಯಾರು ಒಂದು ಸುತ್ತು ಬಂದರು. ಬಾಗಿಲಿನ ಮುಂದೆ ನಿಂತರು. ನಾನು ಅವರ ಹಿಂದೆ ನಿಂತಿದ್ದೆ, ಇಬ್ಬರ ಮುಖವೂ ಅದರಲ್ಲಿ ಕಾಣುತ್ತಿತ್ತು. ಅವರು ಥಟ್ಟನೆ ತಿರುಗಿ ನನ್ನನ್ನು ನೋಡಿದರು.

"ಬೀರಪ್ಪಾ, ನಿನ್ನ ತಲಿ ಯಾವಾಗ ಬೆಳ್ಳಗಾತೋ?"

"ಭಾಳ ದಿನಾ ಆತ್ರಿ."

"ನಾ ಇನ್ನೂ ಹುಡುಗ ಅಂತನ ಬೈತಿದ್ನಲ್ಲೋ ನಿನ್ನ!"

"ಇರ್ಲಿರಿ. ರೂಢಿ ಆಗೇತಿ."

ಅಂದು ಅವರು ಹಿಂದಿನ ಸೀಟಿಗೆ ಹೋಗಲಿಲ್ಲ. ಮುಂದೆ, ನನ್ನ ಪಕ್ಕದಲ್ಲಿ ಬಂದು ಕೂತರು. ಬನಹಟ್ಟಿಯ ಪೇಟೆ ದಾಟುವಾಗ ಬೋರ್ಡುಗಳನ್ನು ಗಟ್ಟಿಯಾಗಿ ಓದತೊಡಗಿದರು. ಸೀರೆ ಅಂಗಡಿಯ ಬೋರ್ಡು, ಗೊಬ್ಬರದ ಅಂಗಡಿಯ ಬೋರ್ಡು, ಗೋಡೆಯ ಮೇಲಿನ ಹಲ್ಲುಪುಡಿಯ ಜಾಹೀರಾತು, ಮುಂದಿನ ಲಾರಿಯ ಬೆನ್ನಿನ ಮೇಲೆ ಬರೆದ ಹೆಂಡತಿ ಮಕ್ಕಳ ಹೆಸರು. ಒಂದು ಹೋಟೆಲಿನವನು 'ಉಪಾಹಾರ'ವನ್ನು 'ಉಪಹಾರ' ಎಂದು ಬರೆಸಿದ್ದ, ಅದನ್ನು ನಾಳೆಯೇ ಬಂದು ಅವನಿಗೆ ಹೇಳಬೇಕು ಎಂದರು. ಊರು ಮುಗಿದು ಹೊಲಗಳು ಬಂದ ಮೇಲೆ ಓದಲು ಏನೂ ಉಳಿಯಲಿಲ್ಲ. ಕಬ್ಬಿನ ಗರಿ, ಬೇಲಿಯ ಮೇಲಿನ ಹಕ್ಕಿ, ದೂರದಲ್ಲಿ ಮೇಯುವ ಕುರಿ, ಏನು ಕಂಡರೂ ಅದರ ಹೆಸರು ಹೇಳುತ್ತ ಹೋದರು. ಹಿಂದಿನಿಂದ ಒಂದು ಟ್ರ್ಯಾಕ್ಟರ್ ಹಾರ್ನ್ ಹೊಡೆದು ಹೊಡೆದು ಸಾಕಾಗಿ ನಮ್ಮನ್ನು ದಾಟಿ ಹೋಯಿತು. ಅದರ ಟ್ರೇಲರಿನ ಹಿಂದೆ ಬರೆದದ್ದನ್ನೂ ಬಾಯಾರು ಓದಿದರು. ಜಮಖಂಡಿಯವರೆಗೆ ನಾನು ಗಿಯರ್ ಏರಿಸಲೇ ಇಲ್ಲ.